ಕೆಮ್ಮಿದರೆ ಏಳುವ ಕಾಲು

ಜೂನ್ ೧೩, ಗುರುವಾರ

ಧಾರವಾಡದ ತರಬೇತಿ ಮುಗಿಸಿಕೊಂಡು ನಿನ್ನೆ ಸಂಜೆ ಮೊರಬದ ಬಸ್ಸಿಗೆ ತಿರುಗಿ ಬಂದೆ. ಗ್ರಾಮ ಪಂಚಾಯಿತಿಯ ಮಹಿಳಾ ಅಧ್ಯಕ್ಷರಿಗೆಲ್ಲ ತರಬೇತಿ. ಊಟ ಚೆನ್ನಾಗಿತ್ತು. ಕೊನೆಗೆ ಅಮೃತಾ ಮೇಡಂ ಅಂತ ಒಬ್ಬರು ಬಂದು ಎಲ್ಲರ ಕೈಗೂ ಒಂದೊಂದು ಡೈರಿ ಕೊಟ್ಟರು. ದಿನಾ ಬೆಳಿಗ್ಗೆ ನಿಮ್ಮ ಬಗ್ಗೆ ನೀವೇ ಒಳ್ಳೆಯ ಮಾತು ಬರೀರಿ, ಬರೆದದ್ದನ್ನು ಬಾಯಿ ಬಿಟ್ಟು ಹೇಳಿರಿ, ದಿನಾ ಹೇಳಿದ್ದು ಒಂದು ದಿನ ನಿಜ ಆಗುತ್ತದೆ ಅಂದರು. ಬಹಳ ಮಂದಿ ನಕ್ಕರು. ನಾನೂ ನಕ್ಕೆ. ಆದರೂ ಡೈರಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮೇಡಂ ಹಲಗೆಯ ಮೇಲೆ ಬರೆದುಕೊಟ್ಟ ಮಾತು: ನಾನು ಧೈರ್ಯವಂತೆ. ನಾನು ಸಮರ್ಥಳು. ನನ್ನೊಳಗೆ ಅಪಾರ ಶಕ್ತಿ ಇದೆ.

ಬರೆದೆ. ಹಿತ್ತಲಲ್ಲಿ ನಿಂತು ಹೇಳಿಯೂ ಹೇಳಿದೆ. ಅತ್ತೆ ರೇವವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಕೇಳಿದಳು.

"ಯಾರ ಕೂಡ ಮಾತಾಡಾಕತ್ತೀ ಬೇ?"

"ನನ್ನ ಕೂಡ."

"ಏನಂತ?"

"ನಾ ಧೈರ್ಯವಂತಿ ಅಂತ."

"ಹೌದನ? ಹಂಗಾರ ಆ ಒಲಿ ಸಂದ್ಯಾಗಿನ ಚೇಳ ಹೊಡಿ ಬಾ. ನಿನ್ನಿಯಿಂದ ನಿನ್ನ ಹಾದಿನ ಕಾಯಾಕತ್ತೇನಿ."

ಮೊದಲ ಪುಟದಲ್ಲಿ ನೀವು ಯಾರು ಅಂತ ಬರೀರಿ ಅಂದಿದ್ದರು. ಬರೆಯುತ್ತೇನೆ. ಅರುಣಾ ಯಲ್ಲಪ್ಪ ಮಾದರ. ಎಸ್ಸೆಸ್ಸೆಲ್ಸಿ ಪಾಸು. ಕೂಲಿ ಕೆಲಸ. ಮೀಸಲಾತಿ ಬಂತು, ಕೇರಿಯಿಂದ ಆರಿಸಿ ಬಂದ ಹೆಣ್ಣು ನಾನೊಬ್ಬಳೇ, ಹಾಗಾಗಿ ಅಧ್ಯಕ್ಷರ ಕುರ್ಚಿ ನನ್ನ ಹೆಸರಿಗೆ ಬಂತು. ಹೆಸರಿಗೆ ಮಾತ್ರ. ಅದರಲ್ಲಿ ಕೂಡುವವರು ಉಪಾಧ್ಯಕ್ಷರಾದ ಸಂಗನಬಸವಗೌಡರು. ನಾನು ಬಾಗಿಲ ಬಾಜು ಸ್ಟೂಲಿನ ಮೇಲೆ ಕೂತು, ಪಿಡಿಓ ಗೌರೀಶ ಬೆರಳಿಟ್ಟ ಜಾಗದಲ್ಲಿ ಸಹಿ ಮಾಡುತ್ತೇನೆ. ನನ್ನ ಗಂಡ ಗೌಡರ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅತ್ತೆ ಗೌಡರ ದನದ ಮನೆ ಬಳಿಯುತ್ತಾಳೆ.

ಇಷ್ಟೇ. ಅಪಾರ ಶಕ್ತಿ ಎಲ್ಲಿದೆಯೋ ಹುಡುಕಬೇಕು.

ಜೂನ್ ೧೯, ಬುಧವಾರ

ಧೈರ್ಯವಂತೆ. ಸಮರ್ಥಳು. ಶಕ್ತಿ.

ಗೌರೀಶ ಇವತ್ತು ಒಂದು ಸುದ್ದಿ ಹೇಳಿದ. ಗೌಡರು ಇಲ್ಲದಾಗ ಅವನು ನನಗೆ 'ಮೇಡಂ' ಅನ್ನುತ್ತಾನೆ, ಗೌಡರು ಇದ್ದಾಗ ನನ್ನನ್ನು ಏನೂ ಅನ್ನುವುದಿಲ್ಲ. ನಮ್ಮ ಕೇರಿಗೆ ಫಿಲ್ಟರ್ ನೀರಿನ ಘಟಕ ಮಂಜೂರಾಗಿದೆಯಂತೆ. ಕೇರಿಗೇ ಅಂತ ಬಂದದ್ದು.

ಈ ಕರಿ ನೆಲದಲ್ಲಿ ಬೋರು ಕೊರೆದರೆ ಉಪ್ಪು ನೀರು. ಕುಡಿಯಲು ಕೆರೆಯ ನೀರೊಂದೇ ಗತಿ. ನಲ್ಲಿಯಲ್ಲಿ ಅದು ಮೇಲಿನ ಓಣಿಗೆಲ್ಲ ಹರಿದು, ಕಡೆಗೆ ನಮ್ಮ ಕೇರಿಗೆ ಬರುವಾಗ ರಾಡಿ. ಮೇಲಿನ ಓಣಿಯಲ್ಲಿ ಒಂದು ಫಿಲ್ಟರ್ ಘಟಕ ಇದೆ. ಅಲ್ಲಿಗೆ ಹೋದರೆ "ಕೊಡ ಅತ್ತಾಗ ಇಡ್ರಿ, ನಮ್ಮದ ಮುಗೀಲಿ" ಅನ್ನುತ್ತಾರೆ. ಅವರದು ಯಾವತ್ತೂ ಮುಗಿಯುವುದಿಲ್ಲ.

"ಆದ್ರ ಮೇಡಂ, ಗೌಡ್ರು ಜಾಗಾ ಬದಲಿ ಮಾಡೂಣು ಅಂತಾರ್ರಿ. ಅವರ ಗೋದಾಮಿನ ಬಾಜೂಕ."

"ಕೇರಿದು ಕೇರ್ಯಾಗಿರಬೇಕಲ್ಲರಿ?"

"ನನಗೇನ ಕೇಳ್ತೀರಿ? ಮುಂದಿನ ಬುಧವಾರ ಮೀಟಿಂಗ್ ಐತಿ, ಅಲ್ಲೇ ಹೇಳ್ರಿ."

ಹೇಳುತ್ತೇನೆ. ಸ್ಟೂಲಿನ ಮೇಲಿಂದ ಅಲ್ಲ, ನನ್ನ ಕುರ್ಚಿಯಲ್ಲಿ ಕೂತು ಹೇಳುತ್ತೇನೆ.

ಜೂನ್ ೨೬, ಬುಧವಾರ

ಬೇಗ ಹೋಗಿ ಕೂತೆ. ಕುರ್ಚಿ ಮೆತ್ತಗಿತ್ತು. ಬೆನ್ನು ಆನಿಸಲು ಧೈರ್ಯವಾಗದೆ ತುದಿಗೆ ಕೂತಿದ್ದೆ. ಸದಸ್ಯೆ ನಸೀಮಾಬಿ ಬಂದವಳೇ "ಅಯ್ಯ, ಕುಂತೀಯೇನವಾ? ಚಂದ ಕಾಣಸ್ತಿ ನೋಡ" ಅಂದಳು. ಗೌರೀಶ ನನ್ನನ್ನೂ ಬಾಗಿಲನ್ನೂ ನೋಡಿದ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ನಾನು ಧೈರ್ಯವಂತೆ, ನಾನು ಸಮರ್ಥಳು.

ಹೊರಗೆ ಗೌಡರು ಕೆಮ್ಮಿದರು.

ಅಷ್ಟೇ. ನಾನು ನಿಂತಿದ್ದೆ. ಏಳಬೇಕು ಅಂತ ಅಂದುಕೊಳ್ಳಲಿಲ್ಲ, ಎದ್ದದ್ದು ಗೊತ್ತೂ ಆಗಲಿಲ್ಲ. ಎದ್ದು, ಸೆರಗು ತಲೆಗೆ ಎಳೆದುಕೊಂಡು, ಗೋಡೆಗೆ ಸರಿದು ನಿಂತಿದ್ದೆ. ಗೌಡರು ಒಳಗೆ ಬಂದರು, ಬಿಸಿಯಾಗಿದ್ದ ಕುರ್ಚಿಯಲ್ಲಿ ಕೂತರು, ನನ್ನ ಕಡೆ ನೋಡಲೂ ಇಲ್ಲ. ಘಟಕ ಗೋದಾಮಿನ ಬಾಜು ಅಂತ ಠರಾವು ಆಯಿತು. ನನ್ನ ಬಾಯಿಯಿಂದ ಒಂದು ಅಕ್ಷರ ಬರಲಿಲ್ಲ.

ಹೊರಗೆ ಬಂದ ಮೇಲೆ ಗೌರೀಶ ಮೆಲ್ಲಗೆ ಅಂದ: "ಜುಲೈ ಮೂವತ್ತಕ್ಕ ಮುಂದಿನ ಸಭಾ ಐತ್ರಿ. ಅಲ್ಲೆ ಇದನ್ನ ಓದತೇವಿ, ನೀವು ಸಹಿ ಹಾಕಿದ್ರ ಪಕ್ಕಾ ಆಗತೈತಿ. ಹಾಕದಿದ್ರ ಇಲ್ಲ."

ಜೂನ್ ೨೭, ಗುರುವಾರ

ಮೇಡಂ ಕೊಟ್ಟ ಮಾತು ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ? ಈ ಕಾಲು ಕಡಿದು ತಿಪ್ಪೆಗೆ ಒಗೆಯಬೇಕು.

ಜುಲೈ ೫, ಶುಕ್ರವಾರ

ಮಣ್ಣೆತ್ತಿನ ಅಮವಾಸ್ಯೆ. ಅತ್ತೆಯ ಮೊಣಕಾಲು ಹಿಡಿದಿತ್ತು, ಹಾಗಾಗಿ ಬುಟ್ಟಿ ಹಿಡಿದು ನಾನೂ ಗೌಡರ ಮನೆಗೆ ಹೋದೆ. ಹಬ್ಬ, ಅಮವಾಸ್ಯೆಗೆ ಅವರ ಮನೆಯಲ್ಲಿ ಉಳಿದ ಅಡಿಗೆ ನಮ್ಮ ಮನೆಗೆ. ಗಂಡನ ಅಜ್ಜನ ಕಾಲದಿಂದ ನಡೆದು ಬಂದ ರೂಢಿ. ಅತ್ತೆ ಕಟ್ಟೆಯ ಕೆಳಗೆ ನಿಂತು ಕೂಗಿದಳು.

"ಎಪ್ಪಾ, ನಿಮ್ಮ ಕಾಲಾಗಿನ ಕಸ ಬಂದೀವ್ರಿ. ನಿಮ್ಮ ಎಂಜಲದಾಗ ಹುಟ್ಟಿದವ್ರು ಬಂದೀವ್ರಿ."

ಒಳಗಿಂದ ಗೌಡರ ಸೊಸೆಯ ದನಿ: "ನಿಂದರ್ರಿ, ಬಂದೆ."

ಮದುವೆಯಾದಾಗಿನಿಂದ ಕೇಳಿದ ಮಾತು. ಇವತ್ತೇ ಕಿವಿಗೆ ಬಿತ್ತು. ಅತ್ತೆಯ ಮುಖದಲ್ಲಿ ದುಃಖವಿರಲಿಲ್ಲ, ನಾಚಿಕೆಯಿರಲಿಲ್ಲ. ಬಸ್ಸಿನಲ್ಲಿ ಊರಿನ ಹೆಸರು ಹೇಳಿ ಟಿಕೆಟ್ ಕೇಳುವ ಹಾಗೆ ಹೇಳಿದಳು. ಅವಳ ಅತ್ತೆಯೂ ಇದನ್ನೇ ಹೇಳಿದ್ದಳಂತೆ, ಇದೇ ಕಟ್ಟೆಯ ಕೆಳಗೆ ನಿಂತು.

ದಿನಾ ಹೇಳಿದ್ದು ನಿಜ ಆಗುತ್ತದೆ ಅಂದರಲ್ಲ ಮೇಡಂ, ಅವರು ಸುಳ್ಳು ಹೇಳಿಲ್ಲ. ಸಾಕ್ಷಿ ಬೇಕಿದ್ದರೆ ನಮ್ಮ ಕೇರಿಗೆ ಬರಲಿ. ನಾವೂ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುತ್ತ ಬಂದವರು. ತಲೆಮಾರು ತಲೆಮಾರು, ಬಾಯಿ ಬಿಟ್ಟು, ಕೈ ಮುಗಿದು, ಒಂದು ಹಬ್ಬ ತಪ್ಪಿಸದೆ ಹೇಳಿದೆವು. ಕಸ. ಕಸ. ಕಸ. ನಿಜ ಆಯಿತಲ್ಲ! ನಮಗೆ ಈ ವಾಕ್ಯವನ್ನು ಹಲಗೆಯ ಮೇಲೆ ಬರೆದುಕೊಟ್ಟವರು ಯಾರು? ಅವರ ತರಬೇತಿ ಎಷ್ಟು ಚೆನ್ನಾಗಿತ್ತು ಅಂದರೆ ಡೈರಿ ಕೂಡ ಬೇಕಾಗಲಿಲ್ಲ.

ಅಪ್ಪನ ನೆನಪಾಯಿತು. ಕುಂದಗೋಳದ ಕಡೆ ಅಪ್ಪ ದಲಿತ ಸಂಘಟನೆಯಲ್ಲಿದ್ದ. ಮೆರವಣಿಗೆಯಲ್ಲಿ ಅವನ ಘೋಷಣೆ ಮೂರು ಓಣಿಗೆ ಕೇಳಿಸುತ್ತಿತ್ತು. ಅದೇ ಅಪ್ಪ ಊರಿಗೆ ಬಂದರೆ ಸಾವಕಾರನ ಬಾಗಿಲಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಿದ್ದ. ಗಂಟಲು ಕಲಿತದ್ದನ್ನು ಮಂಡಿ ಕಲಿತಿರಲಿಲ್ಲ.

ಹೋಳಿಗೆ ತಿಂದೆ. ರುಚಿ ಇತ್ತು. ಇಲ್ಲಿ ಸುಳ್ಳು ಬರೆಯಬಾರದು.

ಜುಲೈ ೭, ಭಾನುವಾರ

ಅಮೃತಾ ಮೇಡಂಗೆ ಫೋನ್ ಹಚ್ಚಿದೆ. ನನ್ನ ವಾಕ್ಯ ಬದಲಿಸಿಕೊಂಡಿದ್ದೇನೆ, 'ಗೌಡರು ಕೆಮ್ಮಿದರೆ ನಾನು ಏಳುವುದಿಲ್ಲ' ಅಂತ ಬರೆಯುತ್ತೇನೆ ಅಂದೆ.

"ಚೆನ್ನಾಗಿದೆ ಅರುಣಾ ಅವರೇ. ಆದರೆ 'ಇಲ್ಲ' ಅನ್ನೋ ಪದ ಬೇಡ. ಅದು ನಕಾರಾತ್ಮಕ. 'ನಾನು ಕೂತಿರುತ್ತೇನೆ' ಅಂತ ಬರೀರಿ."

ಸಿಟ್ಟು ಬಂತು. 'ಇಲ್ಲ' ಅನ್ನುವುದು ಅವರಿಗೆ ಕೆಟ್ಟ ಮಾತು. ಅವರು ಹುಟ್ಟಿದಾಗಿನಿಂದ ಸಾವಿರ ಸಲ ಅಂದು ಬೇಸತ್ತಿರಬಹುದು. ನಮ್ಮ ಮನೆಯಲ್ಲಿ ಯಾರೂ ಗೌಡರಿಗೆ ಒಂದು ಸಲವೂ ಅಂದಿಲ್ಲ. ನನಗೆ ಅದಕ್ಕಿಂತ ಒಳ್ಳೆಯ ಮಾತು ಗೊತ್ತಿಲ್ಲ. ಅದನ್ನೇ ಹೇಳಿದೆ. ಮೇಡಂ 'ಸರಿ ಬಿಡಿ' ಅಂದರು. ಆಮೇಲೆ ಕೇಳಿದರು: "ಹೇಳುವಾಗ ಎಲ್ಲಿರ್ತೀರಿ?"

"ಹಿತ್ತಲದಾಗ ನಿಂತಿರ್ತೇನ್ರಿ."

"ನಿಂತು ಹೇಳ್ತೀರಾ? ಮತ್ತೆ ಕಾಲಿಗೆ ಕೂಡೋದು ಹೇಗೆ ಗೊತ್ತಾಗಬೇಕು?"

ಆ ಹೆಂಗಸು ದಡ್ಡಿಯಲ್ಲ. ಎರಡು ವಾಕ್ಯವನ್ನೂ ಬರೆದೆ. ನಾನು ಏಳುವುದಿಲ್ಲ. ನಾನು ಕೂತಿರುತ್ತೇನೆ.

ಜುಲೈ ೧೦, ಬುಧವಾರ

ಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಸಾಹೇಬರು ಯಾರಾದರೂ ಬಂದರೆ ಹಾಕಲಿಕ್ಕೆ. ನಾವು ಯಾರೂ ಅದರಲ್ಲಿ ಕೂತದ್ದಿಲ್ಲ. ಕಳೆ ತೆಗೆದು ಬಂದ ಮೇಲೆ ಅದನ್ನು ಅಂಗಳಕ್ಕೆ ತಂದು ಕೂತೆ. ಅತ್ತೆಗೆ ಅಂದೆ:

"ಅತ್ತಿ, ಗೌಡ್ರಂಗ ಒಂದಸಲ ಕೆಮ್ಮ ಬೇ."

"ಹುಚ್ಚ ಹಿಡದೈತೇನ? ಯಾರರ ಕೇಳಿದ್ರ?"

"ಕೇಳಲಿ. ಕೆಮ್ಮ."

ಗೌಡರ ಕೆಮ್ಮು ರೋಗದ ಕೆಮ್ಮಲ್ಲ. ಹೊಲಕ್ಕಾಗಲಿ ಓಣಿಗಾಗಲಿ ಬರುವ ಮೊದಲು ಗಂಟಲು ಕೆರೆದು ಕೊಡುವ ಹುಕುಂ. ಅತ್ತೆ ಅತ್ತಿತ್ತ ನೋಡಿ, ಮಗನ ಟವಲ್ಲು ಹೆಗಲಿಗೆ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, ಬೇಲಿಯ ಆಚೆಯಿಂದ ಚಪ್ಪಲಿ ಎಳೆಯುತ್ತ ಬಂದು ಕೆಮ್ಮಿದಳು. ಅಗದಿ ಅದೇ ಕೆಮ್ಮು! ಆ ಮನೆಯ ಸಗಣಿ ಬಳಿದು ಬಳಿದು ಕಲಿತದ್ದು.

"ಎದ್ದಿ ನೋಡ!"

"ಎದ್ದಿಲ್ಲ."

"ಎದ್ದಿಯಲ್ಲ ಬೇ, ಕುಂಡಿ ಕುರ್ಚಿ ಬಿಟ್ಟ ಒಂದ ಗೇಣ ಮ್ಯಾಲೈತಿ!"

ಮತ್ತೆ ಕೂತೆ. ಮತ್ತೆ ಕೆಮ್ಮಿದಳು. ಮತ್ತೆ ಎದ್ದೆ. ಬಾಯಲ್ಲಿ 'ಕೂತಿರುತ್ತೇನೆ' ಅನ್ನುತ್ತಲೇ ಎದ್ದೆ. ಅತ್ತೆ ನಕ್ಕು ನಕ್ಕು ನೆಲಕ್ಕೆ ಕುಸಿದಳು. ನನಗೆ ಅಳು ಬಂತು. ಒಂದು ಮಾತ್ರ ತಿಳಿಯಿತು. ಮೊದಲು ಏಳುವುದು ಹಿಮ್ಮಡಿ. ಉಳಿದ ಮೈ ಅದರ ಹಿಂದೆ ಹೋಗುತ್ತದೆ. ಹಿಮ್ಮಡಿಯನ್ನು ಹಿಡಿಯಬೇಕು.

ಜುಲೈ ೧೩, ಶನಿವಾರ

ಅತ್ತೆಯ ಕೆಮ್ಮಿನ ಸುದ್ದಿ ಹರಡಿತು. ಸಂಜೆ ಕೇರಿಯ ಹೆಂಗಸರೆಲ್ಲ ಬಂದರು. ನಾನು ಕೂಡುತ್ತೇನೆ, ನಾನು ಕೂಡುತ್ತೇನೆ ಅಂತ ಸರದಿ. ಒಬ್ಬಳೂ ಗೆಲ್ಲಲಿಲ್ಲ. ಕೆಮ್ಮು ಬಿದ್ದ ಕೂಡಲೇ ಒಬ್ಬೊಬ್ಬಳೂ ಸ್ಪ್ರಿಂಗಿನ ಹಾಗೆ ಏಳುವುದು, ಉಳಿದವರು ಹೋ ಅನ್ನುವುದು. ನಾನು ಹಿಮ್ಮಡಿ ಒತ್ತಿ ಹಿಡಿದು ಒಂದು ಸಲ ತಡೆದೆ. ಆಮೇಲೆ ಎದ್ದೆ.

ನಸೀಮಾಬಿ ಅಂಗಳದ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಅವಳು ನಗಲಿಲ್ಲ.

"ನಿಮ್ಮ ಕೇರ್ಯಾಗಷ್ಟ ಅಲ್ಲವಾ. ನಮ್ಮ ಓಣ್ಯಾಗ ಅಂವ ಕೆಮ್ಮಿದ್ರ ನಮ್ಮನಿಯವರು ಹೊಲಿಯೂ ಮಷಿನ್ ಬಿಟ್ಟ ಏಳ್ತಾರ. ಗಿರಾಕಿ ಅಂಗಿ ಕಾಲಾಗ. ನಾನೂ ಮೀಟಿಂಗಿನಾಗ ಏಳತೇನಿ. ಸರಿ, ನನಗೂ ಕುಂದ್ರಸ."

ಕೂತಳು. ಅತ್ತೆ ಕೆಮ್ಮಿದಳು. ನಸೀಮಾಬಿ ಎದ್ದಳು. "ಹಾಳಾಗಿ ಹೋಗ್ಲಿ ಈ ಕಾಲು" ಅಂತ ತನ್ನ ತೊಡೆಗೆ ತಾನೇ ಹೊಡೆದುಕೊಂಡಳು.

ಜುಲೈ ೧೬, ಮಂಗಳವಾರ

ಗೌಡರು ಕೇರಿಗೆ ಬಂದಿದ್ದರು. ರೊಟ್ಟಿ ಬಡಿಯುತ್ತಿದ್ದೆ. ಕೆಮ್ಮು ಕೇಳಿಸಿತು, ಅತ್ತೆಯದು ಅಂದುಕೊಂಡೆ, ಅತ್ತೆ ನನ್ನ ಎದುರಿಗೇ ಕೂತಿದ್ದಳು. ಇಬ್ಬರೂ ಎದ್ದೆವು. ಹೆಂಚಿನ ಮೇಲೆ ರೊಟ್ಟಿ ಸೀದಿತು.

ಪ್ಲಾಸ್ಟಿಕ್ ಕುರ್ಚಿ ಅಂಗಳದಲ್ಲೇ ಇತ್ತು. ಗೌಡರು ಅದರಲ್ಲಿ ಕೂಡಲಿಲ್ಲ. ಅದರ ಬೆನ್ನ ಮೇಲೆ ಕೈಯಿಟ್ಟು ನಿಂತರು.

"ಏನ ಅರುಣವ್ವ, ನಾಟಕ ನಡಸೀರಂತ. ನನ್ನ ಪಾರ್ಟ್ ಯಾರ ಮಾಡ್ತಾರ?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

"ರೇವಿ, ನೀನ? ನನ್ನ ಎತ್ತಿ ಆಡಿಸಿದಾಕಿ ನೀ. ಚೊಲೊ ಕೆಮ್ತಿಯಂತ. ಒಂದಸಲ ಕೆಮ್ಮ, ಕೇಳೂಣು."

ಅತ್ತೆ ನೆಲ ನೋಡುತ್ತ ನಿಂತಳು. ಗೌಡ ಕಾಯುತ್ತ ನಿಂತ. ಸಿಟ್ಟಿರಲಿಲ್ಲ, ಮುಗುಳ್ನಗೆ ಇತ್ತು. ಕೊನೆಗೆ ನನ್ನ ಕಡೆ ತಿರುಗಿದ.

"ಮೂವತ್ತಕ್ಕ ಸಹಿ ಹಾಕವಾ. ಆಮ್ಯಾಲ ನಿಮ್ಮ ನಾಟಕಕ್ಕ ಪರದೆ ನಾನ ಕೊಡಸ್ತೇನಿ."

ಜುಲೈ ೧೭, ಬುಧವಾರ

ಗೌಡ ಟ್ರ್ಯಾಕ್ಟರ್ ಕೀಲಿ ಕಸಿದುಕೊಂಡ. ಯಲ್ಲಪ್ಪ ಮಧ್ಯಾಹ್ನವೇ ಮನೆಗೆ ಬಂದು ಕಂಬಕ್ಕೆ ಒರಗಿ ಕೂತ.

"ಒಂದ ಸಹಿ. ಒಂದ ಸಹಿಗೆ ಏನ ಕಿತ್ಕೊಂಡ ಹೋಗತೈತಿ ನಿಂದು?"

"ನೀರ ಹೋಗತೈತಿ."

"ಇಷ್ಟ ದಿನಾ ಕುಡದೇವಲ್ಲ ರಾಡಿ, ಸತ್ತೇವೇನ?"

"ಸತ್ತಿದ್ದಕ್ಕ ಕೆಮ್ಮಿದ ಕೂಡಲೇ ಏಳತೇವಿ. ಜೀವಂತ ಇದ್ದಿದ್ರ ಕುಂತಿರತಿದ್ವಿ."

ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ತಾನೇ ನೋಡಿ ಕೆಳಗಿಳಿಸಿ ಹೊರಗೆ ಹೋದ.

ಜುಲೈ ೨೨, ಸೋಮವಾರ

ಶುಕ್ರವಾರದಿಂದ ಕೇರಿಯ ನಲ್ಲಿಗೆ ನೀರಿಲ್ಲ. ರಾಡಿಯೂ ಇಲ್ಲ. ವಾಲ್ವ್ ಕೆಟ್ಟಿದೆ ಅಂದ ನೀರು ಬಿಡುವವನು. ಮೇಲಿನ ಓಣಿಯ ವಾಲ್ವ್ ಕೆಟ್ಟಿಲ್ಲ. ಕೆರೆಗೆ ಹೋಗಿ ಹೊತ್ತು ತರಬೇಕು.

ಹೆಂಗಸರು ಅಂಗಳಕ್ಕೆ ಬರುವುದು ಬಿಟ್ಟರು. ಬಂದವಳು ಒಬ್ಬಳೇ, ಪಕ್ಕದ ಮನೆಯ ನೇತ್ರಾ, ಹಸಿ ಬಾಣಂತಿ. ಕಂಕುಳಲ್ಲಿ ಕೂಸು, ಕೈಯಲ್ಲಿ ಬರಿ ಕೊಡ.

"ನಿನ್ನ ಕುರ್ಚಿ ಸಲುವಾಗಿ ನನ್ನ ಕೂಸಿನ ಅರಬಿ ತೊಳ್ಯಾಕ ನೀರಿಲ್ಲಕ್ಕ. ನೀ ಕುಂತ್ರ ನಮಗೇನ ಬಂತು?"

ಅವಳ ಕೊಡ ಇಸಿದುಕೊಂಡು ಕೆರೆಗೆ ಹೋಗಿ ತುಂಬಿ ತಂದೆ.

ಗೌಡನಿಗೆ ಗೊತ್ತಿದೆ. ನನ್ನನ್ನು ಬಡಿಯುವುದಿಲ್ಲ, ನೀರನ್ನು ಬಡಿಯುತ್ತಾನೆ. ಆಗ ನನ್ನ ಮಂದಿಯೇ ನನ್ನನ್ನು ಬಡಿಯುತ್ತಾರೆ.

ಜುಲೈ ೨೫, ಗುರುವಾರ

ಅಂಗಳದಲ್ಲಿ ನಾನು, ಅತ್ತೆ, ಇಬ್ಬರೇ. ಅತ್ತೆ ಮತ್ತೆ ಕೆಮ್ಮುವುದಿಲ್ಲ ಅಂದುಕೊಂಡಿದ್ದೆ. ಅವಳೇ ಕುರ್ಚಿ ತಂದು ಹಾಕಿದಳು. "ಎತ್ತಿ ಆಡಿಸಿದಾಕಿ ಅಂದ. ಆಡಿಸಿದಾಕಿನ್ನ ಆಡಸ್ಕೋತ ನಿಂತಿದ್ದ ಹಾಟ್ಯಾ" ಅಂದಳು. ಕೆಮ್ಮಿದಳು. ಏಳಲಿಲ್ಲ. ಕೆಮ್ಮಿದಳು. ಏಳಲಿಲ್ಲ. ಮೂರನೆಯದಕ್ಕೆ ಹಿಮ್ಮಡಿ ಎದ್ದಿತು, ಹಿಡಿದೆ.

ಆಗಲೇ ಯಲ್ಲಪ್ಪ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಕೆರೆಯಿಂದ ಬಂದ. ಅತ್ತೆ ಅವನಿಗೆ ಬೆನ್ನಾಗಿದ್ದಳು, ನೋಡದೆ ಕೆಮ್ಮಿದಳು. ಯಲ್ಲಪ್ಪನ ಸೈಕಲ್ ವಾಲಿತು, ಒಂದು ಕೊಡ ಉರುಳಿತು. ಅವನ ಕೈ, ಗೌಡರ ಎದುರು ಮಾಡುವ ಹಾಗೆ, ಹೆಗಲ ಮೇಲಿನ ಟವಲ್ಲನ್ನು ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡುಬಿಟ್ಟಿತ್ತು.

ಯಾರೂ ನಗಲಿಲ್ಲ. ಹೊತ್ತು ತಂದ ನೀರು ಅಂಗಳದ ಕರಿ ಮಣ್ಣಿನಲ್ಲಿ ಇಂಗಿತು. ಯಲ್ಲಪ್ಪ ಟವಲ್ಲನ್ನು ಬಿಡಿಸಿ ಹೆಗಲಿಗೆ ಹಾಕಿಕೊಂಡು, ಖಾಲಿ ಕೊಡ ತಗೊಂಡು ಮತ್ತೆ ಕೆರೆಗೆ ಹೋದ.

ಜುಲೈ ೨೯, ಸೋಮವಾರ

ನಾಳೆ. ಅಂಗಳದಲ್ಲಿ ಇನ್ನೊಂದು ಸಲ ಕೂತು ನೋಡಿದೆ. ಸಂಜೆ ನಸೀಮಾಬಿ ಬಂದು ಬಾಜು ಕೂತು ಹೋದಳು.

ಜುಲೈ ೩೦, ಮಂಗಳವಾರ

ಕೆಮ್ಮು ಕೇಳಲು ತಯಾರಾಗಿ ಹೋಗಿದ್ದೆ. ಮೊದಲೇ ಹೋಗಿ ಕೂತುಬಿಡಬೇಕು ಅಂತ ಹತ್ತಕ್ಕೇ ಹೋದೆ. ಬಾಗಿಲು ದೂಡಿದರೆ ಸಂಗನಬಸವಗೌಡ ಆಗಲೇ ಕುರ್ಚಿಯಲ್ಲಿದ್ದ. ಪೇಪರ್ ಓದುತ್ತಿದ್ದ.

ಏಳದಿರುವುದನ್ನಷ್ಟೇ ಕಲಿತಿದ್ದೆ. ಇನ್ನೊಬ್ಬರನ್ನು ಏಳಿಸುವುದನ್ನು ಕಲಿತಿರಲಿಲ್ಲ. ಬರೆದುಕೊಂಡ ಯಾವ ವಾಕ್ಯವೂ ಇಲ್ಲಿಗೆ ಹೊಂದುತ್ತಿರಲಿಲ್ಲ. ಹೋಗಿ ಕುರ್ಚಿಯ ಮಗ್ಗುಲಿಗೆ ನಿಂತೆ. ಸದಸ್ಯರು ಒಬ್ಬೊಬ್ಬರಾಗಿ ಬಂದು ಕೂತರು. ನಮ್ಮಿಬ್ಬರನ್ನೂ ಸೇರಿಸಿ ಒಂಬತ್ತೂ ಮಂದಿ ಆದ ಮೇಲೆ ಅಂದೆ:

"ಏಳ್ರಿ. ಅದು ಅಧ್ಯಕ್ಷರ ಕುರ್ಚಿ."

ಪೇಪರ್ ಸರಿಯಿತು. "ಏನಂದಿ?"

"ಏಳ್ರಿ ಅಂದೆ."

ಗೌರೀಶ ಓಡಿ ಬಂದ. "ಇನ್ನೊಂದ ಕುರ್ಚಿ ತರಸ್ತೀನ್ರಿ, ಇದಕ್ಕ್ಯಾಕ ತಕರಾರು?"

"ಇನ್ನೊಂದ ಬ್ಯಾಡ್ರಿ. ಇದ ಬೇಕು."

ಸಂಗನಬಸವಗೌಡ ನಕ್ಕ. ಅವನ ಕಡೆಯವರೂ ನಕ್ಕರು. "ನಾ ಏಳದಿದ್ರ ಏನ ಮಾಡ್ತೀ?"

ಏನು ಮಾಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ. ಬಾಯಿ ತಾನೇ ಹೇಳಿತು.

"ನಿಂತಿರ್ತೇನ್ರಿ. ನಿಲ್ಲೂದು ನಮಗ ರೂಢಿ ಐತ್ರಿ, ಅಜ್ಜ ಮುತ್ತ್ಯಾರಿಂದ. ಕುಂದ್ರೂದು ನಿಮಗ ರೂಢಿ. ಯಾರಿಗೆ ಮೊದಲ ಸಾಕ ಆಗತೈತಿ, ನೋಡೇ ಬಿಡೂಣು. ಅಲ್ಲೀತನಾ ಸಭಾ ಇಲ್ಲ, ಸಹಿ ಇಲ್ಲ."

ನಗು ನಿಂತಿತು. ಅವನು ಮತ್ತೆ ಪೇಪರ್ ಹಿಡಿದ. ನಾನು ನಿಂತೆ. ಆಗಾಗ "ಏಳ್ರಿ" ಅನ್ನುತ್ತಿದ್ದೆ. ಜೋರಾಗಿ ಅಲ್ಲ, ಬೆಳಿಗ್ಗೆ ಹಿತ್ತಲಲ್ಲಿ ಹೇಳಿಕೊಳ್ಳುವ ದನಿಯಲ್ಲೇ. ಫ್ಯಾನು ತಿರುಗುವ ಸದ್ದು, ನನ್ನ 'ಏಳ್ರಿ', ಮತ್ತೆ ಫ್ಯಾನು. ಅವನು ಪೇಪರಿನ ಅದೇ ಪುಟ ಎಷ್ಟೋ ಹೊತ್ತು ಓದಿದ.

ಚಹಾ ಬಂತು. ಅವನು ಕುಡಿದ. ನಸೀಮಾಬಿ ಚಹಾದವನನ್ನು ಕರೆದಳು. "ಗೌಡ್ರಿಗೆ ಇನ್ನೊಂದ ಕಪ್ಪ ಹಾಕಪಾ. ಇವತ್ತ ಭಾಳ ಹೊತ್ತ ಕುಂದ್ರೂದೈತಿ ಅವರಿಗೆ."

ಅದನ್ನೂ ಕುಡಿದ. ಅವನಿಗೆ ಸಕ್ಕರೆ ರೋಗ ಇರುವುದು, ಗಳಿಗೆಗೊಮ್ಮೆ ಹೊರಗೆ ಹೋಗಬೇಕಾಗುವುದು ಊರಿಗೆಲ್ಲ ಗೊತ್ತು. ನನಗೆ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ. ನಸೀಮಾಬಿಯ ಮುಖ ನೋಡಿದಾಗ ಹೊಳೆಯಿತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ತುಟಿ ಕಚ್ಚಿಕೊಂಡು.

ಸಂಗನಬಸವ ಒಂದು ಕಾಲ ಮೇಲೆ ಇನ್ನೊಂದು ಹಾಕಿದ. ತೆಗೆದ. ಮತ್ತೆ ಹಾಕಿದ. ಮುಖ ಕೆಂಪಾಯಿತು. ಫೋನ್ ನೋಡಿದ. ಮೂಲೆಯಲ್ಲಿ ಯಾವಾಗಲೂ ಸುಮ್ಮನೆ ಕೂಡುವ ಸದಸ್ಯ ಮಡಿವಾಳೆಪ್ಪ ಮೆಲ್ಲಗೆ ಅಂದ: "ಹೋಗಿ ಬರ್ರಿ ಗೌಡ್ರ. ದೇಹಧರ್ಮಕ್ಕ ಏನ ನಾಚಿಕಿ."

ಎದ್ದ. ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಕೂತೆ. ಬೆನ್ನು ಆನಿಸಿ ಕೂತೆ. ಗೌರೀಶನ ಕೈಯಿಂದ ಪುಸ್ತಕ ಇಸಿದುಕೊಂಡೆ. ಆಗ ಹೊರಗೆ ಕೆಮ್ಮು ಕೇಳಿಸಿತು. ಇಷ್ಟು ಜೋರಾಗಿ ಅವನು ಎಂದೂ ಕೆಮ್ಮಿದ್ದಿಲ್ಲ. ಐದಾರು ಮಂದಿ ಎದ್ದರು. ಗೌರೀಶ ಎದ್ದ. ನಸೀಮಾಬಿ ಅರ್ಧ ಎದ್ದವಳು ಟೇಬಲ್ಲನ್ನು ಹಿಡಿದು ಕೂತಳು. ನಾನು ನನ್ನ ಕಾಲು ನೋಡಿಕೊಂಡೆ. ಟೇಬಲ್ಲಿನ ಕೆಳಗೆ ಗಡಗಡ ನಡುಗುತ್ತಿದ್ದವು. ನಡುಗಲಿ. ಹಿಮ್ಮಡಿ ನೆಲಕ್ಕಿತ್ತು.

"ಉಪಾಧ್ಯಕ್ಷರ, ಕುಂದರ್ರಿ. ಸಭಾ ಸುರು ಆಗೇತಿ."

ಒಳಗೆ ಬಂದವನಿಗೆ ಉಳಿದದ್ದು ಬಾಗಿಲ ಬಾಜಿನ ಸ್ಟೂಲು. ಕೂಡಲಿಲ್ಲ. ನಿಂತೇ ಇದ್ದ. ಅವನಿಗೆ ನಿಲ್ಲುವ ರೂಢಿ ಇಲ್ಲ, ಬೇಗ ಹೊರಟುಹೋದ.

ಹಿಂದಿನ ಠರಾವು ಓದಿಸಿದೆ. ಸಹಿ ಹಾಕುವುದಿಲ್ಲ ಅಂದೆ. ಘಟಕ ಕೇರಿಯಲ್ಲೇ ಆಗಬೇಕು, ಒಪ್ಪುವವರು ಕೈ ಎತ್ತಿರಿ ಅಂದೆ. ನನ್ನದು, ನಸೀಮಾಬಿಯದು, ಇನ್ನಿಬ್ಬರು ಹೆಂಗಸರದು. ಮಡಿವಾಳೆಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ಕಿವಿ ತುರಿಸಿಕೊಳ್ಳುವ ಹಾಗೆ ಕೈ ಎತ್ತಿದ. ಐದು. ಸಾಕು.

ಆಗಸ್ಟ್ ೪, ಭಾನುವಾರ

ನಾಲ್ಕು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಸುರುವಾಗಿದೆ. ಎಂಜಿನಿಯರ್ ಬಂದು ಕೇರಿಯಲ್ಲಿ ಜಾಗ ಅಳೆದು ಗೂಟ ಹೊಡೆದು ಹೋದರು. ಅವರು ಬಂದಾಗ ಎದ್ದು ನಮಸ್ಕಾರ ಮಾಡಿದೆ. ಮಾಡಬೇಕು ಅನಿಸಿತು, ಮಾಡಿದೆ. ನಲ್ಲಿಯ ವಾಲ್ವ್ ರಿಪೇರಿ ಮಾಡಿಸಿ ಅಂತ ನಾನೇ ಬರೆದುಕೊಟ್ಟ ಮೇಲೆ ರಾಡಿ ನೀರು ಮತ್ತೆ ಬರುತ್ತಿದೆ.

ಸಂಗನಬಸವ ಸುಮ್ಮನಿಲ್ಲ. ಅವಿಶ್ವಾಸ ತರಲು ಸದಸ್ಯರ ಮನೆ ಮನೆ ತಿರುಗುತ್ತಿದ್ದಾನೆ. ಮಡಿವಾಳೆಪ್ಪನ ಮನೆಗೆ ಎರಡು ಸಲ ಹೋಗಿದ್ದನಂತೆ. ಇಳಿಸಿದರೆ ಇಳಿಸಲಿ, ಅಷ್ಟರೊಳಗೆ ಘಟಕದ ಬುನಾದಿ ಆಗಬೇಕು. ಯಲ್ಲಪ್ಪನಿಗೆ ಅಣ್ಣಿಗೇರಿಯ ಕಡೆ ಕಾಳು ಒಕ್ಕುವ ರಾಶಿ ಮಷಿನ್ ಹೊಡೆಯುವ ಕೆಲಸ ಸಿಕ್ಕಿದೆ, ನಾಳೆ ಹೋಗುತ್ತಾನೆ. ನಾನು ಹಾಕದ ಸಹಿಗೂ ಅವನ ಮೌನಕ್ಕೂ ಇನ್ನೂ ರಾಜಿಯಾಗಿಲ್ಲ.

ಇವತ್ತು ನಾಗರ ಅಮವಾಸ್ಯೆ. ಅತ್ತೆ ಬೆಳಿಗ್ಗೆ ಬುಟ್ಟಿ ತೊಳೆದು ಬೋರಲು ಹಾಕಿದಳು. ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ರೊಟ್ಟಿ, ಪುಂಡಿ ಪಲ್ಯ ತಿಂದೆವು. ಗ್ರಾಮ ಸಭೆಗೆ ಈ ಸಲ ಕೇರಿಯವರೆಲ್ಲ ಬರಬೇಕು, ಬಂದರೆ ಹಿಂದೆ ನಿಲ್ಲಬಾರದು, ಮುಂದೆ ಕೂಡಬೇಕು ಅಂತ ಮಾತಾಯಿತು. ಸಂಜೆ ಹೆಂಗಸರು ಮತ್ತೆ ಅಂಗಳಕ್ಕೆ ಬಂದರು. ನೇತ್ರಾ ಕೂಸು ಎತ್ತಿಕೊಂಡು ಬಂದಳು, ನನ್ನ ಮುಖ ನೋಡಲಿಲ್ಲ, ಆದರೆ ಬಂದಳು.

ಅತ್ತೆ ಸೀದಾ ಹೋಗಿ ತಾನೇ ಕುರ್ಚಿಯಲ್ಲಿ ಕೂತಳು. ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದಿದ್ದಳು, ಬಂಡಿ ಹೊರಡುವಾಗ ಹಿಡಿಯುವ ಹಾಗೆ.

"ನೀ ಕುಂತ್ರ ಕೆಮ್ಮವರ ಯಾರ?" ಅಂದಳು ನಸೀಮಾಬಿ.

ಕಂಬಕ್ಕೆ ಒರಗಿದ್ದ ಯಲ್ಲಪ್ಪ ಎದ್ದ. ಟವಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಬೇಲಿಯ ಆಚೆ ಹೋದ. ಅಲ್ಲಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಆಮೇಲೆ ಕೆಮ್ಮಿದ.

ಅತ್ತೆ ಎದ್ದಳು. ಎದ್ದದ್ದಷ್ಟೇ ಅಲ್ಲ, ಕೈಯೂ ಮುಗಿದಿತ್ತು. ಮುಗಿದ ಕೈಯನ್ನು ಬಹಳ ಹೊತ್ತು ನೋಡಿದಳು, ಯಾರದೋ ಕೈ ನೋಡಿದ ಹಾಗೆ. ಮೆಲ್ಲಗೆ ಬಿಡಿಸಿದಳು. ಸೆರಗು ಸೊಂಟಕ್ಕೆ ಬಿಗಿದು ಮತ್ತೆ ಕೂತು, ಬೇಲಿಯ ಕಡೆಗೆ ಕೂಗಿದಳು:

"ಇನ್ನೊಮ್ಮಿ ಕೆಮ್ಮಲೇ, ಯಲ್ಲಪ್ಪಾ!"